ಮರಣದಂಡನೆಯ ಪ್ರಕಟಣೆ ಬರೆಯುವ ಗುಮಾಸ್ತರಿಗೊಂದು ಬಹಿರಂಗ ಪತ್ರ

ಗೆ,
ಪ್ರಕಟಣಾ ಗುಮಾಸ್ತರು,
ಒಳಾಡಳಿತ ಸಚಿವಾಲಯ, ರಿಯಾದ್, ಸೌದಿ ಅರೇಬಿಯಾ.

ಮಾನ್ಯರೇ,

ತಮ್ಮ ಹೆಸರು ಯಾರಿಗೂ ಗೊತ್ತಿಲ್ಲ. ಆದರೂ ತಮ್ಮಷ್ಟು ಕ್ರಮ ತಪ್ಪದೆ ಪ್ರಕಟವಾಗುವ ಲೇಖಕರು ಇಡೀ ಅರಬ್ ಜಗತ್ತಿನಲ್ಲಿ ಇರಲಿಕ್ಕಿಲ್ಲ. ಸೌದಿ ಸುದ್ದಿ ಸಂಸ್ಥೆ ಹೊರಡಿಸಿದ ಇನ್ನೊಂದು ಪ್ರಕಟಣೆಯನ್ನು ಈಗಷ್ಟೇ ಓದಿ ಮುಗಿಸಿ ಬರೆಯಲು ಕೂತಿದ್ದೇನೆ. ತಮಗೆ ಹೆಚ್ಚಿನ ಶ್ರಮವೇನೂ ಇದ್ದಂತಿಲ್ಲ. ಮೊದಲು ಹೆಸರು, ಆಮೇಲೆ ದೇಶ, ಆಮೇಲೆ ಹಶೀಶೋ ಆಂಫೆಟಮಿನ್ ಮಾತ್ರೆಯೋ ಎಂಬ ವಿವರ, ಕೆಳಗಿನ ಕೋರ್ಟು, ಮೇಲಿನ ಕೋರ್ಟು, ರಾಜಾಜ್ಞೆ. ಕಡೆಯಲ್ಲಿ ಆ ಖಾಯಂ ಸಾಲು: ಪ್ರಜೆಗಳನ್ನೂ ನಿವಾಸಿಗಳನ್ನೂ ಮಾದಕ ವಸ್ತುಗಳ ಪಿಡುಗಿನಿಂದ ಕಾಪಾಡಲು ಸರ್ಕಾರ ಪಣ ತೊಟ್ಟಿದೆ. ಇವತ್ತು ಸೊಮಾಲಿಯಾದವನು, ನಾಳೆ ಇಥಿಯೋಪಿಯಾದವನು, ನಾಡಿದ್ದು ಪಾಕಿಸ್ತಾನದವನು. ಹೆಸರು ಬದಲಾಗುತ್ತದೆ, ಅಭಯ ಬದಲಾಗುವುದಿಲ್ಲ. ಪರದೇಶದವನ ತಲೆ ತೆಗೆದು, ಅದೇ ಕಾಗದದಲ್ಲಿ ಉಳಿದ ಪರದೇಶಿಗಳಿಗೆಲ್ಲ ರಕ್ಷಣೆಯ ಭರವಸೆ ಕೊಡುವುದು ಸಾಮಾನ್ಯ ಕೈಗೆ ಒಗ್ಗುವ ಕೆಲಸವಲ್ಲ.

ಲೆಕ್ಕದಿಂದ ಶುರು ಮಾಡೋಣ, ಕಚೇರಿಯವರಿಗೆ ಲೆಕ್ಕ ಪ್ರಿಯ. ತಮ್ಮದೇ 2022ರ ಜನಗಣತಿಯ ಪ್ರಕಾರ ಸೌದಿಯ ಜನಸಂಖ್ಯೆಯಲ್ಲಿ ವಿದೇಶಿಯರು ಶೇ 41.6. ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2025ರಲ್ಲಿ ಕೊಟ್ಟ ಲೆಕ್ಕದಂತೆ, 2014ರ ಜನವರಿಯಿಂದ 2025ರ ಜೂನ್‌ವರೆಗೆ ಅಲ್ಲಿ ಮಾದಕ ವಸ್ತುಗಳ ಅಪರಾಧಕ್ಕೆ ಜೀವ ಕಳೆದುಕೊಂಡವರು 597 ಮಂದಿ; ಅವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ವಿದೇಶಿಯರು. ನೂರರಲ್ಲಿ ನಲವತ್ತೆರಡು ಮಂದಿ ಇರುವವರು ಕತ್ತಿಯ ಕೆಳಗೆ ಮಾತ್ರ ಎಪ್ಪತ್ತೈದು ಆಗುವುದು ಹೇಗೆ? ಗಡಿ ದಾಟುವಾಗ ಸಿಕ್ಕಿಬಿದ್ದವರನ್ನು ಜನಗಣತಿಯ ಜೊತೆ ಹೋಲಿಸಬಾರದು, ಸಾಗಿಸುವವರು ಹೊರಗಿನವರೇ ಆದಾಗ ಸಾಯುವವರೂ ಹೊರಗಿನವರೇ ಆಗುತ್ತಾರೆ ಎಂದು ತಾವು ತಿದ್ದಬಹುದು. ತಿದ್ದುಪಡಿ ಒಪ್ಪಿದೆ. ಸಾಗಿಸುವವರು ಸಾಯುತ್ತಿದ್ದಾರೆ ಎನ್ನುವುದೇ ನನ್ನ ದೂರು ಕೂಡ. ಕಳಿಸಿದವರ ಮತ್ತು ತರಿಸಿಕೊಂಡವರ ಹೆಸರು ತಮ್ಮ ಪ್ರಕಟಣೆಯಲ್ಲಿ ಯಾಕೆ ಕಾಣುವುದಿಲ್ಲ ಎಂಬುದಷ್ಟೇ ಪ್ರಶ್ನೆ.

ಮಾಲು ಚಿಕ್ಕದೇನಲ್ಲವಲ್ಲ. 2021ರ ಏಪ್ರಿಲ್‌ನಲ್ಲಿ ದಾಳಿಂಬೆಯೊಳಗೆ ತುಂಬಿದ ಐವತ್ತು ಲಕ್ಷಕ್ಕೂ ಹೆಚ್ಚು ಕ್ಯಾಪ್ಟಗಾನ್ ಎಂಬ ಮಾದಕ ಮಾತ್ರೆ ಸಿಕ್ಕಿತೆಂದು ತಮ್ಮ ಸರ್ಕಾರ ಲೆಬನಾನಿನ ಹಣ್ಣು ತರಕಾರಿಯನ್ನೇ ನಿಷೇಧಿಸಿತು. 2022ರ ಆಗಸ್ಟ್‌ನಲ್ಲಿ ರಿಯಾದ್‌ನಲ್ಲಿ ಹಿಟ್ಟಿನ ಸರಕಿನೊಳಗೆ ಸಿಕ್ಕಿದ್ದು ಸುಮಾರು 4.7 ಕೋಟಿ ಮಾತ್ರೆ. ಹಿಡಿದದ್ದು ಆರು ಸಿರಿಯನ್ನರನ್ನು, ಇಬ್ಬರು ಪಾಕಿಸ್ತಾನಿಗಳನ್ನು. ಇಷ್ಟು ಮಾತ್ರೆಗೆ ಬಂಡವಾಳ ಹೂಡಿದವರು, ಗೋದಾಮು ಕೊಟ್ಟವರು, ಸಾವಿರಾರು ಗಿರಾಕಿಗಳಿಗೆ ಹಂಚುವ ಏರ್ಪಾಡು ಮಾಡಿಕೊಂಡವರು ಈ ಎಂಟೇ ಜನವೇ? 2015ರ ಅಕ್ಟೋಬರ್‌ನಲ್ಲಿ ಬೈರೂತ್ ವಿಮಾನ ನಿಲ್ದಾಣದಲ್ಲಿ ಖಾಸಗಿ ವಿಮಾನಕ್ಕೆ ಏರಿಸಲು ತಂದ ಸುಮಾರು ಎರಡು ಟನ್ ಕ್ಯಾಪ್ಟಗಾನ್ ಜೊತೆ ಸಿಕ್ಕಿಬಿದ್ದವರಲ್ಲಿ ಒಬ್ಬರು ಸೌದಿ ರಾಜಕುಮಾರರೇ. ಹಿಡಿದದ್ದು ಮಾತ್ರ ಲೆಬನಾನಿನವರು. ಆ ರಾಜಕುಮಾರರು ತಮ್ಮ ಖಾಯಂ ಸಾಲಿನಲ್ಲಿ ಪ್ರಜೆಗಳ ಕಡೆಗೋ ನಿವಾಸಿಗಳ ಕಡೆಗೋ, ಅಥವಾ ಕಾಪಾಡುವವರ ಕಡೆಗೋ, ಬಿಡುವಾದಾಗ ತಿಳಿಸಿ.

ಇಲ್ಲಿಯವರೆಗೆ ವಿನಯದಿಂದ ಬರೆದೆ. 2023ರ ಮೂರು ತಿಂಗಳನ್ನು ನೆನೆದರೆ ವಿನಯ ಉಳಿಯುವುದಿಲ್ಲ. ಆ ವರ್ಷ ಮಾರ್ಚ್ 12ರಂದು ತಾವು ಜೋರ್ಡಾನಿನ ಒಬ್ಬ ಡ್ರೈವರನ ಪ್ರಕಟಣೆ ಬರೆದಿರಿ. ಎಂಟು ಮಕ್ಕಳ ತಂದೆ. 2014ರಲ್ಲಿ ಗಡಿಯಲ್ಲಿ ಅವನ ಕಾರಿನೊಳಗೆ ಮಾತ್ರೆ ಸಿಕ್ಕಿತ್ತು. ತಲೆಕೆಳಗಾಗಿ ನೇತುಹಾಕಿ ತಪ್ಪೊಪ್ಪಿಗೆ ಬರೆಸಿಕೊಂಡರೆಂದು ಅವನು ಕೊನೆಯವರೆಗೂ ಹೇಳುತ್ತಿದ್ದ. ಅವನ ಸೆರೆಗೆ ಕಾನೂನಿನ ಆಧಾರವಿಲ್ಲವೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿಯೂ ಹೇಳಿತ್ತು. ಅವನು ಹೋದ ಹದಿನಾರನೆಯ ದಿನ ಅಮೆರಿಕ ಮತ್ತು ಬ್ರಿಟನ್, ಕ್ಯಾಪ್ಟಗಾನ್ ದಂಧೆಯ ಹೆಸರಿನಲ್ಲಿ ಸಿರಿಯಾದ ಆಗಿನ ಅಧ್ಯಕ್ಷ ಬಶರ್ ಅಲ್ ಅಸಾದ್‌ನ ಇಬ್ಬರು ಸೋದರ ಸಂಬಂಧಿಗಳ ಮೇಲೆ ನಿರ್ಬಂಧ ಹೇರಿದವು. ಜಗತ್ತಿನ ಕ್ಯಾಪ್ಟಗಾನ್‌ನಲ್ಲಿ ಶೇ 80 ಸಿರಿಯಾದಿಂದ ಬರುತ್ತದೆಂದು ಬ್ರಿಟನ್ ಸರ್ಕಾರವೇ ಹೇಳಿತು. ಸರಿ, ಡ್ರೈವರನಿಗೇ ಕತ್ತಿ ಎಂದಾದ ಮೇಲೆ ಕಾರ್ಖಾನೆಯ ಧಣಿಗೆ ಏನು ಕಾದಿದೆಯೋ ಎಂದು ಲೋಕ ನೋಡುತ್ತಿತ್ತು. ಮೇ 19ರಂದು ಗೊತ್ತಾಯಿತು. ಅರಬ್ ಲೀಗ್ ಶೃಂಗಸಭೆಗೆಂದು ಅಸಾದ್ ಜಿದ್ದಾಕ್ಕೆ ಬಂದ, ತಮ್ಮ ಯುವರಾಜರು ಅವನನ್ನು ಅಪ್ಪಿಕೊಂಡು ಬರಮಾಡಿಕೊಂಡರು. ಕಾರಿನ ಮಾತ್ರೆಗೆ ಕತ್ತಿ, ಕಾರ್ಖಾನೆಗೆ ಕೆಂಪು ಹಾಸು. ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆ ನಮ್ಮಲ್ಲಿದೆ. ಮೇಕೆಯನ್ನು ಕಡಿದು ಮಂಗನನ್ನು ಊಟಕ್ಕೆ ಕರೆದ ಕಥೆ ನಮ್ಮ ಅಜ್ಜಿಯರಿಗೂ ಹೊಳೆದಿರಲಿಲ್ಲ. ರಾಜತಾಂತ್ರಿಕತೆ ಬೇರೆ, ನ್ಯಾಯ ಬೇರೆ ಎನ್ನುತ್ತೀರಾ? ಆ ರಾಜತಾಂತ್ರಿಕತೆಯ ಒಂದು ತುಣುಕು ಡ್ರೈವರನಿಗೂ ಸಿಕ್ಕಿದ್ದರೆ ಅವನು ಇವತ್ತು ಮನೆಯಲ್ಲಿರುತ್ತಿದ್ದ.

ಭಯವಿಲ್ಲದಿದ್ದರೆ ಯುವಕರು ಹಾಳಾಗುತ್ತಾರೆ ಎಂಬ ವಾದ ಹಗುರವಾದದ್ದಲ್ಲ. ಚಟಕ್ಕೆ ಬಿದ್ದ ಮನೆಗಳ ಪಾಡು ರಿಯಾದ್‌ನಲ್ಲೂ ಒಂದೇ, ಮಂಗಳೂರಿನಲ್ಲೂ ಒಂದೇ. ಮಾದಕ ವಸ್ತುಗಳ ಅಪರಾಧಕ್ಕೆ ಮರಣದಂಡನೆಯನ್ನು ಕೆಲಕಾಲ ತಡೆಹಿಡಿದಿದ್ದೆವು, ಆಗಲೇ 4.7 ಕೋಟಿ ಮಾತ್ರೆ ಬಂತಲ್ಲ ಎಂದೂ ತಾವು ಕೇಳಬಹುದು. ಆದರೆ ತಡೆಗೆ ಮುಂಚಿನ 2019ರಲ್ಲಿ ಮಾದಕ ವಸ್ತುಗಳ ಪ್ರಕರಣಗಳಲ್ಲೇ 84 ಮಂದಿಯ ಜೀವ ತೆಗೆದಿದ್ದಿರಿ. ಆ ಭಯ ದಾಳಿಂಬೆಯವರನ್ನೂ ಹಿಟ್ಟಿನವರನ್ನೂ ಮುಟ್ಟಿದಂತೆ ಕಾಣಲಿಲ್ಲ. ಸಿರಿಯಾದ ಕಾರ್ಖಾನೆಗಳ ಬಾಗಿಲು ತೆರೆದದ್ದು 2024ರ ಡಿಸೆಂಬರ್‌ನಲ್ಲಿ, ಅಸಾದ್ ಓಡಿಹೋದ ಮೇಲೆ. ಡಮಾಸ್ಕಸ್ ಪಕ್ಕದ ದೂಮಾದಲ್ಲಿ ವೋಲ್ಟೇಜ್ ಸ್ಟೆಬಿಲೈಸರ್‌ಗಳ ಹೊಟ್ಟೆಯಿಂದ ಮಾತ್ರೆ ಸುರಿದದ್ದನ್ನು ಲೋಕವೆಲ್ಲ ಕಂಡಿತು. ಆ ಕಾರ್ಖಾನೆಗಳನ್ನು ನಿಲ್ಲಿಸಿದ್ದು ತಮ್ಮ ಕತ್ತಿಯಲ್ಲ. 2022ರ ಮಾರ್ಚ್‌ನಲ್ಲಿ ಯುವರಾಜರು ‘ದಿ ಅಟ್ಲಾಂಟಿಕ್’ ಪತ್ರಿಕೆಗೆ, ಕೊಲೆ ಮತ್ತು ಬಹಳ ಜನರ ಜೀವಕ್ಕೆ ಕುತ್ತು ತರುವ ಅಪರಾಧಗಳನ್ನು ಬಿಟ್ಟರೆ ಮರಣದಂಡನೆಯನ್ನು ತೆಗೆದುಹಾಕಿದ್ದೇವೆ ಎಂದಿದ್ದರು. ಅದೇ ವರ್ಷ ನವೆಂಬರ್ 10ರಿಂದ ಎರಡು ವಾರವೂ ತುಂಬುವ ಮೊದಲೇ ಮಾದಕ ವಸ್ತುಗಳ ಪ್ರಕರಣಗಳಲ್ಲಿ ಹದಿನೇಳು ಮಂದಿ ಹೋದರು: ಏಳು ಸೌದಿಗಳು, ನಾಲ್ವರು ಸಿರಿಯನ್ನರು, ಮೂವರು ಜೋರ್ಡಾನಿಗಳು, ಮೂವರು ಪಾಕಿಸ್ತಾನಿಗಳು. 2024ರಲ್ಲಿ ಇಂಥ ಪ್ರಕರಣಗಳಲ್ಲೇ 122. ಬಹಳ ಜನರ ಜೀವಕ್ಕೆ ಕುತ್ತು ಎಂಬುದೇ ಅಳತೆಗೋಲಾದರೆ, ಅದನ್ನು ಜಿದ್ದಾದ ಸಭಾಂಗಣಕ್ಕೂ ಒಮ್ಮೆ ಒಯ್ದಿರಬಹುದಿತ್ತು.

ನಿಮ್ಮ ದೇಶವೇನು ಸಾಚಾವೇ ಎಂದರೆ, ಅಲ್ಲ. ನಮ್ಮ 1985ರ ಕಾನೂನಿನಲ್ಲಿಯೂ ಕೆಲವು ಅಪರಾಧಗಳನ್ನು ಎರಡನೇ ಬಾರಿ ಮಾಡಿದರೆ ಮರಣದಂಡನೆಗೆ ಅವಕಾಶವಿದೆ. ಆಫ್ರಿಕಾದ ಹುಡುಗ ಎಂದೊಡನೆ ಗಾಂಜಾ ವಾಸನೆ ಹಿಡಿಯುವ ಮನೆ ಮಾಲೀಕರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಆದರೆ 2024ರ ಜುಲೈನಲ್ಲಿ ಮಾದಕ ವಸ್ತುಗಳ ಪ್ರಕರಣದ ಒಬ್ಬ ನೈಜೀರಿಯನ್ ಆರೋಪಿ, ತಾನಿರುವ ಜಾಗವನ್ನು ಗೂಗಲ್ ಮ್ಯಾಪ್‌ನಲ್ಲಿ ಪೊಲೀಸರಿಗೆ ತೋರಿಸುತ್ತಿರಬೇಕೆಂಬ ಜಾಮೀನು ಷರತ್ತನ್ನು ನಮ್ಮ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ಗೆದ್ದ. ತಮ್ಮಲ್ಲಿ ಅರೇಬಿಕ್ ಬಾರದವನು ತಾನು ಸಹಿ ಹಾಕಿದ ಕಾಗದದಲ್ಲಿ ಏನಿದೆ ಎಂದು ತಿಳಿದುಕೊಂಡರೇ ದೊಡ್ಡ ಗೆಲುವು. ಗಸಗಸೆಯನ್ನೂ ಜಾಯಿಕಾಯಿಯನ್ನೂ ನಿಷೇಧಿಸಿದ ದೇಶಕ್ಕೆ, ಊರಿನವರು ಯಾರೋ ಕೊಟ್ಟ ಪಾರ್ಸೆಲ್ ಹೊತ್ತು ಇಳಿಯುವ ಭಟ್ಕಳದ ಹುಡುಗನೂ ಇದನ್ನು ತಿಳಿದಿರುವುದು ಒಳ್ಳೆಯದು: ಅಲ್ಲಿ ಹೊತ್ತವನೇ ವಾರಸುದಾರ.

ಆದ್ದರಿಂದ ಕೋರಿಕೆ ಚಿಕ್ಕದು. ಜೋರ್ಡಾನಿನ ಆ ಡ್ರೈವರನ ಮನೆಯವರಿಗೆ ಯಾರೂ ಮುಂಚೆ ತಿಳಿಸಲಿಲ್ಲ, ಸುದ್ದಿಯಿಂದಲೇ ಗೊತ್ತಾಯಿತು. ಹೀಗೆ ಹೋದವರ ಶವವನ್ನೂ ಮನೆಯವರಿಗೆ ಕೊಡುವ ರೂಢಿ ತಮ್ಮಲ್ಲಿಲ್ಲ. ಮುಂದಿನ ಪ್ರಕಟಣೆಯಲ್ಲಿ ಎರಡು ಸಾಲು ಸೇರಿಸಿ: ಮಾಲು ಯಾರದು, ಶವವನ್ನು ಎಲ್ಲಿ ಹೂತಿರಿ. ಕಾಗದದಲ್ಲಿ ಜಾಗವಿಲ್ಲದಿದ್ದರೆ ಪ್ರಜೆಗಳನ್ನೂ ನಿವಾಸಿಗಳನ್ನೂ ಕಾಪಾಡುವ ಆ ಕೊನೆಯ ಸಾಲನ್ನು ತೆಗೆದುಬಿಡಿ, ಎರಡಕ್ಕೂ ಜಾಗ ಸಾಲುತ್ತದೆ.

ಇಂತಿ,
ತಮ್ಮ ಪ್ರಕಟಣೆಗಳನ್ನು ಪೂರ್ತಿ ಓದುವ ಒಬ್ಬ ಓದುಗ