ಯಾವ ರವೆ?

ಹೆಂಡತಿ ತವರಿಗೆ ಹೋಗಿದ್ದ ಭಾನುವಾರ. ಹಳೆಯ ಹಾಸ್ಟೆಲ್ ಗೆಳೆಯರಿಬ್ಬರು ತಿಂಡಿಗೆ ಬರುತ್ತೇವೆಂದರು. ‘ಉಪ್ಪಿಟ್ಟು ತಾನೆ, ಹದಿನೈದು ನಿಮಿಷದ ಕೆಲಸ’ ಎಂದು ಚೀಲ ಹಿಡಿದು ಹನುಮಂತನಗರದ ನಮ್ಮ ಅಡ್ಡರಸ್ತೆಯ ಶೆಟ್ಟರ ಅಂಗಡಿಗೆ ಹೊರಟೆ.

ಎರಡು ಮಾರು ಅಗಲದ ಅಂಗಡಿ. ಅಷ್ಟರಲ್ಲೇ ತೊಗರಿಬೇಳೆಯಿಂದ ಗೆಜ್ಜೆವಸ್ತ್ರದವರೆಗೆ ಎಲ್ಲವೂ ಇದೆ. ಸೂಪರ್ ಮಾರ್ಕೆಟ್ಟಿನಲ್ಲಾದರೆ ಪೊಟ್ಟಣದ ಮೇಲಿನ ಚಿತ್ರ ನೋಡಿ ಬುಟ್ಟಿಗೆ ಹಾಕಿಕೊಳ್ಳಬಹುದು. ನಮ್ಮ ಅಜ್ಞಾನ ನಮ್ಮಲ್ಲೇ ಉಳಿಯುತ್ತದೆ. ಇಲ್ಲಿ ಬಾಯಿಬಿಟ್ಟು ಕೇಳಬೇಕು.

“ಅರ್ಧ ಕೆಜಿ ರವೆ ಕೊಡಿ.”

“ಯಾವ ರವೆ ಸರ್?”

ನಾನು ಕಣ್ಣು ಪಿಳಿಪಿಳಿ ಬಿಟ್ಟೆ. ಶೆಟ್ಟರು ಬಸ್ ಕಂಡಕ್ಟರು ಸ್ಟಾಪುಗಳ ಹೆಸರು ಕೂಗುವಂತೆ, “ಬನ್ಸಿ, ಚಿರೋಟಿ, ಮೀಡಿಯಂ, ಇಡ್ಲಿ ರವೆ...” ಎಂದರು. ನಾನು ಇಳಿಯಬೇಕಾದ ಸ್ಟಾಪು ಯಾವುದೆಂದೇ ನನಗೆ ಗೊತ್ತಿರಲಿಲ್ಲ. ಬೆನ್ನ ಹಿಂದೆ ಆರೇಳು ಜನ. ಹತ್ತು ವರ್ಷದ ಪೋರನೊಬ್ಬ ನನ್ನ ಮೊಣಕೈ ಕೆಳಗಿನಿಂದ ತಲೆ ತೂರಿಸಿ, “ಕಾಲು ಕೆಜಿ ಉದ್ದಿನಬೇಳೆ. ಗುಂಡು ಕೊಡಿ, ಒಡೆದಿದ್ದು ಬೇಡ” ಎಂದು ಕೊಂಡು ಹೊರಟೇಹೋದ. ಫೋನು ಕೈಯಲ್ಲೇ ಇತ್ತು. ಆದರೆ ಅಷ್ಟು ಜನರ ಎದುರು ಹೆಂಡತಿಗೆ ಫೋನು ಮಾಡಿ ‘ಯಾವ ರವೆ ಕಣೇ?’ ಎನ್ನುವ ಗಂಡಸುತನ ನನ್ನಲ್ಲಿರಲಿಲ್ಲ. ಮದುವೆಮನೆಯಲ್ಲಿ ಬಾದಾಮಿ ಹಾಲು ಸುರಿದುಕೊಂಡು ಮೆದ್ದ ಚಿರೋಟಿ ನೆನಪಾಯಿತು. ಅಂಥ ಹೆಸರಿನ ರವೆ ಕೆಟ್ಟದ್ದಿರಲು ಸಾಧ್ಯವೇ?

“ಚಿರೋಟಿ!” ಎಂದೆ, ಮೂರು ತಲೆಮಾರಿನಿಂದ ಅದನ್ನೇ ತಿಂದು ಬೆಳೆದವನಂತೆ.

ಶೆಟ್ಟರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ತೂಗಿ ಕೊಟ್ಟರು.

ಒಗ್ಗರಣೆ ಚಟಪಟ ಎಂದಿತು. ಒಂದು ಲೋಟ ರವೆಗೆ ಮೂರು ಲೋಟ ನೀರು ಕುದಿಸಿ, ಹಿಟ್ಟಿನಷ್ಟು ನುಣ್ಣಗಿದ್ದ ಆ ರವೆಯನ್ನು ಸುರಿದೆ. ‘ಬುಳುಕ್’ ಎಂಬ ಸದ್ದು. ಎರಡೇ ನಿಮಿಷದಲ್ಲಿ ಸೌಟು ಧ್ವಜಸ್ತಂಭದಂತೆ ತಾನಾಗಿ ನಿಂತಿತು. ಹಾಸ್ಟೆಲಿನಲ್ಲಿ ನಾವು ಉಪ್ಪಿಟ್ಟನ್ನು ಕಾಂಕ್ರೀಟು ಎನ್ನುತ್ತಿದ್ದೆವು. ಗೆಳೆಯರಲ್ಲೊಬ್ಬ ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತಿನ ನಂತರ ತೀರ್ಪು ಕೊಟ್ಟ: “ಅದ್ರಲ್ಲಿ ಜಲ್ಲಿನಾದ್ರೂ ಇರ್ತಿತ್ತು ಕಣೋ. ಇದು ಬರೀ ಸಿಮೆಂಟು.”

ಆಮೇಲೆ ಮೂವರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ಬಿಲ್ಲು ನನ್ನದೇ.

ಸಂಜೆ ಮತ್ತೆ ಅಂಗಡಿಗೆ ಹೋದೆ. “ಪಾತ್ರೆ ಉಜ್ಜೋಕೆ ಸ್ಟೀಲ್ ಸ್ಕ್ರಬ್ಬರ್ ಇದ್ಯಾ?” ಈ ಸಲ ‘ಯಾವುದು’ ಎಂದು ಶೆಟ್ಟರು ಕೇಳಲಿಲ್ಲ. ಇದ್ದುದರಲ್ಲೇ ಒರಟಾದದ್ದನ್ನು ಆರಿಸಿ ಮುಂದಿಟ್ಟರು.

“ಉಪ್ಪಿಟ್ಟಾ ಸರ್? ನಿಮ್ಮನೇಗೆ ಯಾವಾಗ್ಲೂ ಬನ್ಸಿ ರವೇನೇ ಹೋಗೋದು. ನೀವು ಚಿರೋಟಿ ಅಂದಾಗ್ಲೇ, ಮೇಡಂ ಊರಲ್ಲಿಲ್ಲ ಅಂತ ಗೊತ್ತಾಯ್ತು.”

“ಆಗ್ಲೇ ಹೇಳ್ಬಾರ್ದಿತ್ತಾ ಶೆಟ್ರೇ?”

“ಅಷ್ಟು ಜನರ ಎದುರಿಗೆ ಹೇಗೆ ಸರ್ ಹೇಳೋದು?”