ಬೋರ್ಡಣ್ಣ

ಬೋರ್ಡಣ್ಣ ಇಲ್ಲದ ಊರಿಲ್ಲ. ನಾನು ಬಲ್ಲವನು ರೂಪನಗುಡಿಯವನು. ಬಳ್ಳಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಊರಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟು, ಪಕ್ಕಕ್ಕೊಂದು ಜೆರಾಕ್ಸ್ ಮಿಷನ್ನೂ ಇಟ್ಟುಕೊಂಡಿದ್ದಾನೆ. ಅವನದು ಒಂದೇ ಸಂಕಲ್ಪ: ಅಪ್ಪನ ಮೆಣಸಿನಕಾಯಿ ಹೊಲದ ಬೋರಿನ ಮೋಟರು ಕರೆಂಟು ಬಂದ ಕೂಡಲೇ ತಾನೇ ಶುರುವಾಗಬೇಕು, ಮಣ್ಣು ನೆನೆದ ಮೇಲೆ ತಾನೇ ನಿಲ್ಲಬೇಕು. ತ್ರೀಫೇಸ್ ನಡುರಾತ್ರಿ ಬಂದಾಗ ಟಾರ್ಚು ಹಿಡಿದು, ಕಾಲಡಿಗೆ ಹಾವು ಚೇಳು ನೋಡಿಕೊಂಡು ಹೊಲಕ್ಕೆ ನಡೆದವರು ಯಾರೂ ಈ ಆಸೆಯನ್ನು ಆಡಿಕೊಳ್ಳಲಾರರು. ಅದಕ್ಕೊಂದು ಪುಟ್ಟ ಕಂಪ್ಯೂಟರ್ ಬೋರ್ಡು ಬೇಕು. ಯಾವುದು ತಗೊಳ್ಳೋದು? ಕತೆ ಇಲ್ಲಿಂದ ಶುರುವಾಗಿ ಇಲ್ಲೇ ನಿಂತಿದೆ.

2012ರ ಫೆಬ್ರವರಿ 29ರಂದು ಇಂಗ್ಲೆಂಡಿನವರ ರಾಸ್ಪ್‌ಬೆರಿ ಪೈ 35 ಡಾಲರಿಗೆ ಮಾರಾಟಕ್ಕೆ ಬಂದಾಗ ಅವನಿನ್ನೂ ಡಿಪ್ಲೊಮಾ ಓದುತ್ತಿದ್ದ. ಎತ್ತಿನ ಹಲ್ಲು ನೋಡುವವರ ಹಾಗೆ ಚಿತ್ರದಲ್ಲೇ ಅದರ ಪಿನ್ನು ಎಣಿಸಿದ, 26 ಇದ್ದವು. ದುಡ್ಡು ಹೊಂದಿಸುವಷ್ಟರಲ್ಲಿ 2014 ಬಂತು, 40 ಪಿನ್ನಿನ ಬೋರ್ಡೂ ಬಂತು. "ನೋಡಪಾ, ಕಾದಿದ್ದೇ ಒಳ್ಳೇದಾತು" ಅಂದ. ಆ ಒಂದು ಗೆಲುವೇ ಅವನನ್ನು ಕೆಡಿಸಿದ್ದು ಅಂತ ನನ್ನ ಗುಮಾನಿ.

2015ರಲ್ಲಿ 5 ಡಾಲರಿನ ಪೈ ಝೀರೋ ಬಂದು, ಅವರದೇ ಪತ್ರಿಕೆಯ ರಕ್ಷಾಪುಟಕ್ಕೆ ಅಂಟಿಕೊಂಡು ಪುಕ್ಕಟೆಯಾಗಿಯೂ ಹಂಚಿಕೆಯಾಯಿತು. "ನಮ್ಮಲ್ಲಿ ಪತ್ರಿಕೆ ಜೊತಿ ಶಾಂಪೂ ಪ್ಯಾಕೆಟ್ ಬರ್ತೈತೆ, ಅಲ್ಲಿ ಕಂಪ್ಯೂಟರ್ರೇ ಬಂದೈತೆ" ಎಂದು ವಾರಗಟ್ಟಲೆ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಆದರೆ ಅದರಲ್ಲಿ ವೈಫೈ ಇರಲಿಲ್ಲ. 2016ರ ಪೈ 3ರಲ್ಲಿ ವೈಫೈ ಬಂತು. ಆ ಹೊತ್ತಿಗೆ ಪೈ 4 ಹೇಗಿರಬಹುದೆಂಬ ಯೋಚನೆ ಅವನಿಗೆ ಹತ್ತಿತ್ತು. 2019ರಲ್ಲಿ ಪೈ 4 ಬಂದೇ ಬಂತು. ಮೊದಲ ಕಂತಿನ ಬೋರ್ಡುಗಳ ಯುಎಸ್‌ಬಿ-ಸಿ ಜೋಡಣೆಯಲ್ಲಿ ದೋಷವಿದ್ದು, ಕೆಲವು ಕೇಬಲ್‌ಗಳಿಂದ ಕರೆಂಟೇ ಹೋಗುತ್ತಿರಲಿಲ್ಲ. ಅಂದು ಬೋರ್ಡಣ್ಣ ಇಡೀ ಊರಿಗೆ ಒಗ್ಗರಣೆ-ಮಿರ್ಚಿ ಕೊಡಿಸಲಿಲ್ಲ ಅಷ್ಟೇ, ಮುಖದಲ್ಲಿ ಜಾತ್ರೆಯ ಕಳೆ ಇತ್ತು. 2021-22ರಲ್ಲಿ ಲೋಕಕ್ಕೆಲ್ಲ ಚಿಪ್ಪಿನ ಬರ ಬಿದ್ದು, ಬೇಕೆಂದವರಿಗೂ ಪೈ ಸಿಗದಾಯಿತು. ಅವನ ಬಾಳಿನ ಅತ್ಯಂತ ನೆಮ್ಮದಿಯ ಕಾಲ ಅದೇ.

ಹಾಗಂತ ಅವನು ಏನೂ ಕೊಳ್ಳದ ಜಿಪುಣನಲ್ಲ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗಲೆಲ್ಲ ಚೀಲ ತುಂಬಿಕೊಂಡೇ ಬರುತ್ತಾನೆ: ಜಂಪರ್ ವೈರು, ಬ್ರೆಡ್‌ಬೋರ್ಡು, ರಿಲೇ, ಹೀಟ್‌ಸಿಂಕು, ಮೆಮೊರಿ ಕಾರ್ಡು. ಬೋರ್ಡೊಂದು ಬಿಟ್ಟು ಎಲ್ಲ ಇದೆ. ಪೈ 3ಕ್ಕೆಂದು ಡಬ್ಬಿ ತಂದ. ಪೈ 4ರಲ್ಲಿ ನೆಟ್‌ವರ್ಕಿನ ತೂತೂ ಯುಎಸ್‌ಬಿಯ ತೂತೂ ಜಾಗ ಅದಲುಬದಲಾದವು. ಪೈ 4ರ ಡಬ್ಬಿ ತಂದ. 2023ರ ಪೈ 5ರಲ್ಲಿ ಅವು ಮತ್ತೆ ಹಳೆಯ ಜಾಗಕ್ಕೆ ಮರಳಿದವು. ಎರಡರಲ್ಲೂ ಈಗ ಅವರಮ್ಮ ಅಡಿಕೆ ಇಡುತ್ತಾರೆ. "ಗಾಳಿ ಆಡ್ತೈತಪ್ಪ, ಅಡಿಕೆ ಮುಗ್ಗೋದಿಲ್ಲ. ಇನ್ನೊಂದು ಇದ್ರೆ ತಗೊಂಬಾ" ಅನ್ನುತ್ತಾರೆ.

ಅವನ ತಕರಾರುಗಳಲ್ಲಿ ಒಂದೂ ಸುಳ್ಳಲ್ಲ, ಅದೇ ಕಷ್ಟ. ಕರೆಂಟು ಪಟಕ್ಕನೆ ಹೋದರೆ ಪೈ ಒಳಗಿನ ಮೆಮೊರಿ ಕಾರ್ಡು ಕೆಡಬಹುದು; ನಮ್ಮ ಕಡೆ ಕರೆಂಟು ಬೇರೆ ಹೇಗೂ ಹೋಗುವುದಿಲ್ಲ. ಚಿಪ್ಪಿನ ಬಿಸಿ 80 ಡಿಗ್ರಿ ದಾಟಿದರೆ ಅದು ತಾನಾಗಿ ನಿಧಾನವಾಗುತ್ತದೆ. ಹೊರಗೇ 40 ದಾಟುವ ಬಳ್ಳಾರಿ ಬೇಸಿಗೆಯಲ್ಲಿ, ಮೋಟರಿನ ತಗಡಿನ ಶೆಡ್ಡೊಳಗೆ ಅದರ ಗತಿ ಏನು? ಮಣ್ಣಿನ ತೇವ ಅಳೆಯುವ ಸೆನ್ಸರು ಏರಿಳಿಯುವ ವೋಲ್ಟೇಜು ಕೊಡುತ್ತದೆ. ಅದನ್ನು ನೇರವಾಗಿ ಓದುವ ಪಿನ್ನು ಪೈಯಲ್ಲಿ ಒಂದೂ ಇಲ್ಲ, ಅಗ್ಗದ ಆರ್ಡುಯಿನೋ ಊನೋದಲ್ಲಿ ಆರಿವೆ. ಕೊನೆಗೆ ನಮ್ಮ ಎರೆಭೂಮಿ. ಬೇಸಿಗೆಗೆ ಬಿರುಕು ಬಿಟ್ಟಾಗ ಸೆನ್ಸರಿನ ಕಡ್ಡಿ ಮಣ್ಣು ಬಿಟ್ಟು ಗಾಳಿಯಲ್ಲಿ ಜೋತಾಡುತ್ತದೆ, "ಒಣಗೈತೆ, ನೀರು ಬಿಡು" ಎಂದು ಒಂದೇ ಸಮನೆ ವರದಿ ಕೊಡುತ್ತದೆ. ಬೋರೇ ಬತ್ತಿದರೂ ಅದಕ್ಕೆ ತಿಳಿಯದು. ಇಷ್ಟನ್ನೆಲ್ಲ ಬಲ್ಲವನು ಬಳ್ಳಾರಿಯಲ್ಲೇ ಇನ್ನೊಬ್ಬನಿರಲಾರ.

"ಹಂಗಾದ್ರೆ ಇಎಸ್‌ಪಿ32 ತಗೊಂಡುಬಿಡು" ಅಂದೆ. ಶಾಂಘೈ ಕಂಪನಿಯೊಂದು 2016ರಲ್ಲಿ ತಂದ ಚಿಪ್ಪು. ಅದರ ಬೋರ್ಡಿಗೆ ಕೆಲವೇ ನೂರು ರೂಪಾಯಿ, ವೈಫೈ ಇದೆ, ಮೆಮೊರಿ ಕಾರ್ಡಿನ ಗೊಡವೆಯಿಲ್ಲ, ಕರೆಂಟು ಹೋಗಿ ಬಂದರೆ ಮರುಕ್ಷಣ ಕೆಲಸಕ್ಕೆ ನಿಲ್ಲುತ್ತದೆ. ಅವನ ಮುಖ ಸಪ್ಪಗಾಯಿತು. "ಅದ್ರಾಗ ಆರಿಸೋಕೆ ಏನೈತೆ, ಅಣ್ಣ?"

ಆದರೂ ಅದನ್ನೇ ತರುತ್ತೇನೆಂದು ಒಪ್ಪಿದ್ದ. ಅಷ್ಟರಲ್ಲಿ 2025ರ ಅಕ್ಟೋಬರಿನಲ್ಲಿ ಆರ್ಡುಯಿನೋದವರು ಊನೋ ಕ್ಯೂ ಹೊರತಂದರು: ಒಂದೇ ಬೋರ್ಡಿನಲ್ಲಿ ಲಿನಕ್ಸ್ ಓಡಿಸುವ ಪ್ರೊಸೆಸರೂ ಉಂಟು, ಸೆನ್ಸರು ಓದುವ ಮೈಕ್ರೋಕಂಟ್ರೋಲರೂ ಉಂಟು. ಅಂಗಡಿಯಲ್ಲಿ ಮತ್ತೆ ತುಲನೆಯ ಪಟ್ಟಿ ಜೆರಾಕ್ಸ್ ಆಗತೊಡಗಿತು.

ಈ ನಡುವೆ ಪಕ್ಕದ ಹೊಲದ ಮಾಮ ವೈಂಡಿಂಗ್ ಅಂಗಡಿಯವನಿಂದ ಒಂದು ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡ. ಒಳಗೊಂದು ಸಿಮ್ಮು. ಮನೆಯಲ್ಲಿ ಮಲಗಿಯೇ ಫೋನು ಮಾಡಿದರೆ ಮೋಟರು ಶುರು. ಬೋರ್ಡಣ್ಣನ ಅಪ್ಪ ಅದನ್ನು ನೋಡಿ ಬಂದು ಮಗನಿಗೇನೂ ಹೇಳಲಿಲ್ಲ, ಮಾರನೇ ದಿನ ತಾವೂ ಒಂದು ಹಾಕಿಸಿದರು. ಮಗ ಅದರ ಮುಚ್ಚಳ ಬಿಚ್ಚಿ, ಬ್ಯಾಟರಿ ಹಿಡಿದು ಒಳಗಿನ ಚಿಪ್ಪಿನ ನಂಬರು ಓದಿ, "ಭಾಳ ಹಳೇ ಮಾಡಲ್ಲಪ್ಪ" ಎಂದು ತೀರ್ಪು ಕೊಟ್ಟ. "ನಾನೂ ಹಳೇ ಮಾಡಲ್ಲೇ ಅಲ್ಲೇನಲೇ? ಮುಚ್ಚಳ ಹಾಕು" ಅಂದರು ಅಪ್ಪ. ಆ ವರ್ಷದ ಮೆಣಸಿನಕಾಯಿ ಚೀಲಗಳು ಎಂದಿನಂತೆ ಬ್ಯಾಡಗಿ ಮಾರುಕಟ್ಟೆಗೆ ಹೋದವು.

ನಿಮಗೂ ಇಂಥ ಹವ್ಯಾಸದ ತುರಿಕೆ ಇದ್ದರೆ ನಿಮ್ಮೂರ ಬೋರ್ಡಣ್ಣನನ್ನು ಕೇಳಬೇಡಿ. ಬರೀ ಸೆನ್ಸರು, ರಿಲೇ ಆಡಿಸಲು ಇಎಸ್‌ಪಿ32 ಧಾರಾಳವಾಯಿತು. ಕ್ಯಾಮೆರಾ, ಪರದೆ ಬೇಕಾದರೆ ಮಾತ್ರ ಪೈ. ಎರಡರ ಪಿನ್ನಿಗೂ 3.3 ವೋಲ್ಟೇ ಮಿತಿ, 5 ಕೊಟ್ಟರೆ ಸುಟ್ಟೀತು. ರಿಲೇಯಿಂದ ಮೋಟರಿನ ಸ್ಟಾರ್ಟರಿಗೆ ತಂತಿ ಎಳೆಯುವುದನ್ನು ಮಾತ್ರ ವೈಂಡಿಂಗ್ ಅಂಗಡಿಯವರಿಗೇ ಬಿಡಿ, ಅಲ್ಲಿರುವುದು 415 ವೋಲ್ಟು.