ಲ್ಯಾಟಿನ್ನೋ, ಕೋಳಿಯೋ?

(ಅರಿಜೋನಾದ ಚಾಂಡ್ಲರ್. ರಾತ್ರಿ ಹತ್ತೂವರೆ. ನಾಲ್ಕೂವರೆ ವರ್ಷದ ಮೊಮ್ಮಗ ಮಲಗಿದ್ದಾನೆ. ಅವನ ಭವಿಷ್ಯ ಎಕ್ಸೆಲ್ ಶೀಟಿನಲ್ಲಿ ಎದ್ದಿದೆ. ಮೈಸೂರಿಂದ ಬಂದ ಅತ್ತೆ ಹೂಬತ್ತಿ ಹೊಸೆಯುತ್ತಿದ್ದಾರೆ.)

ಸೊಸೆ: ರೀ, ಮೊದಲನೇ ಚಾರ್ಟರ್ ಸ್ಕೂಲಲ್ಲಿ ಆರನೇ ಕ್ಲಾಸಿಂದ ಲ್ಯಾಟಿನ್ ಕಲಿಸ್ತಾರಂತೆ.

ಮಗ: ಕಲಿತು ಪೋಪ್ ಜೊತೆ ಹರಟೆ ಹೊಡೀತಾನಾ? ‘ಅಜ್ಜಿ, ಅನ್ನ ಹಾಕು’ ಅನ್ನೋಕೇ ತಡವರಿಸ್ತಾನೆ.

ಸೊಸೆ: ಎರಡನೇದರಲ್ಲಿ ಹೋಂವರ್ಕೇ ಇಲ್ಲ. ಕೋಳಿ ಸಾಕಿ ಗಣಿತ ಕಲೀತಾರಂತೆ.

ಅತ್ತೆ: ನಮ್ಮೂರಲ್ಲಿ ಕೋಳಿ ಸಾಕಿದೋರು ಮಕ್ಕಳನ್ನ ಕಾನ್ವೆಂಟಿಗೆ ಕಳಿಸ್ತಿದ್ರಪ್ಪ. ಫೀಸೆಷ್ಟೋ?

ಮಗ: ಫೀಸಿಲ್ಲಮ್ಮ. ದುಡ್ಡು ಸರ್ಕಾರದ್ದು, ಆಡಳಿತ ಬೇರೆಯವರದು. 1991ರಲ್ಲಿ ಮಿನೆಸೋಟಾ ಮೊದಲು ಕಾನೂನು ಮಾಡ್ತು, ಇಲ್ಲಿ 1994ರಲ್ಲಿ.

ಅತ್ತೆ: ಓ, ನಮ್ಮ ಅನುದಾನಿತ ಶಾಲೆ!

(ಮಗನಿಗೆ ಹೋಲಿಕೆ ರುಚಿಸಲಿಲ್ಲ. ಹಾಗಂತ ಅದು ತೀರಾ ತಪ್ಪೂ ಅಲ್ಲ.)

ಸೊಸೆ: 43 ಅಂಶಕ್ಕೆ ಅಂಕ ಹಾಕಿದೀನಿ. ಲ್ಯಾಟಿನ್‌ಗೆ 87, ಕೋಳಿಗೆ 86.5.

ಮಗ: ಪಾರ್ಕಿಂಗ್ ಸೇರಿಸಿದೀಯಾ?

ಸೊಸೆ: ಸೇರಿಸಿದೀನಿ, 41ನೇ ಸಾಲು.

ಅತ್ತೆ: ಕೊನೆಗೆ ಸೀಟು ಕೊಡೋರ್ಯಾರು?

ಸೊಸೆ: ಅರ್ಜಿ ಜಾಸ್ತಿಯಾದ್ರೆ ಲಾಟರಿ, ಅತ್ತೆ.

ಅತ್ತೆ: ನಮ್ಮ ಆರ್‌ಟಿಇ ಸೀಟಿನ ಥರ! ಮತ್ತೆ ಈ ಅಂಕ ಯಾರಿಗೆ ತೋರಿಸೋಕೆ?

ಮಗ: ಅಣ್ಣನೋ ಅಕ್ಕನೋ ಅಲ್ಲೇ ಓದ್ತಿದ್ರೆ ಆದ್ಯತೆ ಇದೆಯಮ್ಮ.

ಅತ್ತೆ: ಇವನಿಗೆ ಅಣ್ಣನೆಲ್ಲಿ?

ಸೊಸೆ: ಇವನಿಗಿಲ್ಲ. ಎರಡನೇದಕ್ಕಾದ್ರೂ ಅಣ್ಣ ಇರ್ತಾನಲ್ಲ.

ಮಗ: ಎರಡನೇದಾ? ಯಾವಾಗ ತೀರ್ಮಾನ ಆಯ್ತು?

ಸೊಸೆ: ಪಾರ್ಕಿಂಗ್ ಕೆಳಗಿನ ಸಾಲು ನೋಡಿ.